ಚೀಟಿ

ಬುಧವಾರ ಹನ್ನೊಂದಕ್ಕ, ಧಾರವಾಡದಾಗ,
ದವಾಖಾನಿ ಹಿಂದಿನ ತಗಡಿನ ಹಾಲಿನೊಳಗ
ನೀಲಿ ಕುರ್ಚಿ ಹನ್ನೆರಡು, ಎರಡೆರಡು ಹಚ್ಚಿ
ಬಸ್ ಮಾಡಿದ್ವಿ.
ಸ್ಟೇರಿಂಗಿಗೆ ಊಟದ ತಾಟು. ಡ್ರೈವರ್ ಶಂಕ್ರೆಮ್ಮ,
ಸೈಕಲ್ ಸೈತ ತುಳದಾಕಿ ಅಲ್ಲ.

'ಬಸವಣ್ಣೆಪ್ಪ, ನೀವು ಕಂಡಕ್ಟರ್'
ನಾಟಕದ ಮೇಡಂ ಅಂದ್ರು.
ಹದಿನಾಲ್ಕು ವರ್ಷ ಅದನ್ನೇ ಮಾಡೀನ್ರಿ ಅಂದೆ.
ಕಡೀ ಎರಡು ವರ್ಷ ಖಾಲಿ ಸೀಟಿನಾಗಿಂದ
ಒಬ್ಬಾಂವ ಬೈತಿದ್ದ ಅಂತ ಹೇಳಲಿಲ್ಲ.
ಫೈಲಿನಾಗ ಇತ್ತು.

'ಆ ದನಿ ಯಾರಾಗ್ತೀರಿ?'
ಯಾರೂ ಕೈ ಎತ್ತಲಿಲ್ಲ.
ಆಮ್ಯಾಲೆ ದಾವಲಸಾಬ ಎದ್ದ,
ಗಾದಿ ಹೊಲಿಯಾಂವ, ಮೂರು ತಿಂಗಳಿಂದ ತುಟಿ ಬಿಚ್ಚದಾಂವ.
ಹಿಂದಿನ ಸೀಟಿಗೆ ಹೋಗಿ ಕುಂತ.
ಏನೇನು ಬೈಬೇಕು, ನಾನೇ ಕಿವ್ಯಾಗ ಹೇಳಿಕೊಟ್ಟೆ.

ರೈಟ್ ಅಂದೆ. ಶಂಕ್ರೆಮ್ಮ ಬಾಯಿಲೇ ಗೇರ್ ಹಾಕಿದಳು.
ಟೋಲ್ ನಾಕಾ ದಾಟಿ ಸತ್ತೂರ ಬರೂದರಾಗ
ಹಿಂದಿಂದ ಶುರುವಾತು:
'ಕಳ್ಳ. ಚಿಲ್ಲರಿ ಕಳ್ಳ. ಇಳಿ. ಇಲ್ಲೇ ಇಳಿ.'
ಮಾತು ಅವೇ. ಗಂಟಲು ದಾವಲಸಾಬನದು, ಗೊಗ್ಗರು,
ನಡುನಡುವ ಕೆಮ್ಮು.
ಅಸಲಾಂವ ಎಂದೂ ಕೆಮ್ಮಿದ್ದಿಲ್ಲ.

ಕಾಲು ನಡುಗಿದ್ವು. ಕುರ್ಚಿ ಹಿಡಕೊಂಡೆ.
'ಹೋಲ್ಡಾನ್ ಅಂತೀರೇನು?' ಮೇಡಂ ಕೇಳಿದ್ರು.
ಬ್ಯಾಡ ಅಂದೆ.
ಹಳೇ ರೂಢಿ, ಕೈ ತಾನೇ ಮುಂದ ಹೋತು:
'ಚೀಟಿ ತಗೋರಿ.'

ಬೈಯೂದು ನಿಂತಿತು.
'ಎಲ್ಲಿಗೆ?'
ದಾವಲಸಾಬ ನನ್ನ ಮಾರಿ ನೋಡಿದ.
ಅದನ್ನ ನಾ ಹೇಳಿಕೊಟ್ಟಿದ್ದಿಲ್ಲ.
ಭಾಳ ಹೊತ್ತಾದಮ್ಯಾಲೆ
'ನನಗ ಯಾವ ಊರೂ ಇಲ್ಲೋ ಯಪ್ಪಾ' ಅಂದ.
ಅಂದದ್ದು ದನಿಯೋ, ದಾವಲಸಾಬನೋ,
ಇವತ್ತಿಗೂ ತಿಳಿದಿಲ್ಲ.

ಕ್ಯಾಲೆಂಡರಿನ ಚೂರು ಹರಿದು ಕೊಟ್ಟೆ.
ನವಲೂರ, ಒಂದು. ಅಲ್ಲಿ ಪೇರಲಹಣ್ಣರ ಛಲೋ ಸಿಗತಾವ.
ನವಲೂರ ಬಂತು. ಅಂವ ಇಳೀಲಿಲ್ಲ.
ಚೀಟಿ ಕಿಸೆದಾಗ ಇಟ್ಟುಕೊಂಡು
ಇಲ್ಲದ ಕಿಟಕಿಯಿಂದ ಹೊರಗ ನೋಡಕೋತ ಕುಂತ.
ಕುಂದ್ರಲಿ.
ಚೀಟಿ ಐತಿ ಅಂವನ ಕಡೆ.

ಸಂಜಿಮುಂದ ಚಿಗರಿ ಬಸ್ಸಿನಾಗ ಹುಬ್ಬಳ್ಳಿಗೆ ಹೊಂಟಿದ್ದೆ.
ಇದರಾಗ ಕಂಡಕ್ಟರ್ ಇಲ್ಲ.
ಮ್ಯಾಲಿಂದ ಯಾರದೋ ಹೆಣ್ಣದನಿ
ಮುಂದಿನ ನಿಲ್ದಾಣ ಅಂತು. ಎದಿ ಧಸಕ್ ಅಂತು.
ಬಾಜೂಕ ಕುಂತಾಕಿನ್ನ ಕೇಳಿದೆ:
'ಯವ್ವಾ, ಈಗ ಏನರ ಕೇಳಿಸ್ತೇನು?'
'ಹೂಂ, ನವಲೂರಂತ' ಅಂದಳು,
ಮೆಂತೆಪಲ್ಯೆದ ಸೂಡು ತೊಡಿಮ್ಯಾಲೆ ಸರಿಮಾಡಿಕೋತ.