ಇಪ್ಪತ್ತೊಂದು ಸಾವಿರದ ಗೆರೆ

ಹದಿನಾಲ್ಕು ವರ್ಷ ಕಾಲರ್ ಕೂರಿಸಿದ ಮೇಲೆ
ಪೀಣ್ಯದ ಮೂರನೇ ಮಹಡಿಯಲ್ಲಿ
ನನ್ನ ಹೆಸರಿಗೊಂದು ಕಾಗದ:
ಗಂಗರತ್ನ, ಲೈನ್ ಲೀಡರ್.
ಸಂಬಳ ಇಪ್ಪತ್ತೊಂದು ಸಾವಿರದ ಮುನ್ನೂರ ನಲವತ್ತು.
ಬಸ್ಸಿನಲ್ಲಿ ಎರಡು ಸಲ ಓದಿಕೊಂಡೆ,
ದುಡ್ಡನ್ನಲ್ಲ, ಹೆಸರಿನ ಪಕ್ಕದ ಹೆಸರನ್ನು.

ಕೊಡುವಾಗ ಪ್ರಫುಲ್ಲಾ ಮೇಡಮ್ ಕೈ ಕುಲುಕಿದರು.
ಆಮೇಲೆ ಸ್ವಲ್ಪ ಮೆತ್ತಗೆ,
"ಇಎಸ್‌ಐ ಹೋಗತ್ತೆ ಕಣ್ರೀ. ಇಪ್ಪತ್ತೊಂದು ದಾಟಿದೋರಿಗೆ ಅದಿಲ್ಲ.
ಬದಲಿಗೆ ಕಂಪನಿ ಕಾರ್ಡು. ಮೂರು ಲಕ್ಷ."

ಕಾರ್ಡು ನುಣ್ಣಗಿದೆ, ಚೆನ್ನಾಗಿದೆ.
ಜೊತೆಗಿದ್ದ ಸಣ್ಣ ಅಕ್ಷರ ಓದಿಸಿಕೊಂಡೆ.
ಆಸ್ಪತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಮಲಗಿದರೆ
ಅದು ಕಣ್ಣು ಬಿಡುತ್ತದೆ.
ಮನೆಯಲ್ಲಿ ಕೂತು ನುಂಗುವ ಮಾತ್ರೆ
ಅದರ ಲೆಕ್ಕಕ್ಕಿಲ್ಲ.
ಅಂದರೆ ಮುನಿಕೆಂಪ ಬೀಳಬೇಕು,
ಬಾಯಲ್ಲಿ ನೊರೆ ಬರಬೇಕು.
ಬಿದ್ದರೆ ಮೂರು ಲಕ್ಷ,
ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ಸೊನ್ನೆ.

ಅವನದು ಲಗ್ಗೆರೆಯಲ್ಲಿ, ಬೇವಿನ ಮರದಡಿ, ಇಸ್ತ್ರಿ ಗಾಡಿ.
ಮೂರ್ಛೆಯವನ ಕೈಗೆ ಕೆಂಡದ ಪೆಟ್ಟಿಗೆ ಯಾಕೆ ಕೊಟ್ಟೆ ಅಂತೀರಿ.
ಆಟೋ ಮಾರಿ ಬಂದು ಗೋಡೆ ನೋಡುತ್ತ ಕೂತವನಿಗೆ
ಬೇರೆ ಏನು ಕೊಡಲಿ ನಾನು?
ದಿನಕ್ಕೆರಡು ಬಿಳಿ, ರಾತ್ರಿಗೊಂದು ಹಳದಿ.
ಅಷ್ಟು ಹೊಟ್ಟೆಗೆ ಹೋದರೆ
ಇಡೀ ಬೀದಿಯ ಪ್ಯಾಂಟುಗಳ ಗೆರೆ ನೇರ.

ಸರ್ಕಾರದ್ದನ್ನು ಹೊಗಳುತ್ತಿಲ್ಲ.
ಡಿಸ್ಪೆನ್ಸರಿ ಅಂದರೆ ಅರ್ಧ ದಿನದ ಸಂಬಳ,
ಟೋಕನ್ನು, ಒಬ್ಬರು ಕೂತರೆ ಇನ್ನೊಂದು ತುದಿ ಏಳುವ ಬೆಂಚು,
ಕಿಟಕಿಯಾಚೆ ಝರೀನಕ್ಕ: "ಹಳದಿ ಬಂದಿಲ್ಲ, ಸೋಮವಾರ ಬಾ."
ಹೋದ ವರ್ಷ ಅಂಥ ಒಂದು ಸೋಮವಾರಕ್ಕೆ ಮೊದಲು
ಗುರುವಾರ ಬಂತು.
ಅವನ ಎಡ ಮುಂಗೈ ಮೇಲೆ ಈಗಲೂ ಇದೆ
ಇಸ್ತ್ರಿ ಪೆಟ್ಟಿಗೆಯ ಮೂತಿ, ಅಚ್ಚು ಒತ್ತಿದ ಹಾಗೆ.

ಔಷಧಿ ಚೀಟಿಯ ಬೆನ್ನ ಮೇಲೆ ಲೆಕ್ಕ ಹಾಕಿದೆ.
ಏರಿದ್ದು ಒಂಬೈನೂರ ನಲವತ್ತು.
ಇಎಸ್‌ಐಗೆ ಹಿಡಿಯುತ್ತಿದ್ದ ನೂರೈವತ್ತು ಉಳಿಯಿತು ಅನ್ನಿ.
ಮೆಡಿಕಲ್ ಅಂಗಡಿಯಲ್ಲಿ ತಿಂಗಳ ಮಾತ್ರೆಗೆ
ಸಾವಿರದ ನಾನೂರ ಅರವತ್ತು.
ಜನೌಷಧಿಯಲ್ಲಿ ಬಿಳಿಯದು ಅಗ್ಗ, ಹಳದಿಯದು ಇಲ್ಲ.
ಎಷ್ಟು ಸಲ ಕೂಡಿದರೂ
ಮೇಲೆ ಹತ್ತಿದವಳು ಕೆಳಗೆ ಬರುತ್ತಿದ್ದಾಳೆ.

"ಹೆಸರು ಮಾತ್ರ ಕೊಡಿ ಮೇಡಮ್, ದುಡ್ಡು ಬೇಡ" ಅಂದೆ.
ಸಿಸ್ಟಮ್ ಒಪ್ಪಲ್ಲವಂತೆ.

ಉಪಾಯ ಹೇಳಿದ್ದು ಝರೀನಕ್ಕ,
ಅರ್ಧ ಮುಚ್ಚಿದ ಕಿಟಕಿಯಲ್ಲಿ ತಲೆ ತೂರಿಸಿ:
"ಮಾರ್ಚಲ್ಲಿ ದಾಟ್ಬೇಡ ಕಣೇ.
ಏಪ್ರಿಲ್ ಹುಟ್ಲಿ, ಆಮೇಲೆ ದಾಟು.
ಸೆಪ್ಟೆಂಬರ್ ಮುಗಿಯೋ ತನಕ
ಯಾರೂ ನಿನ್ನ ಪಟ್ಟಿಯಿಂದ ತೆಗೆಯಲ್ಲ."
ಸೆಪ್ಟೆಂಬರ್ ಆದಮೇಲೆ?
ಅದು ಅವಳ ಕಪಾಟಿನಲ್ಲೂ ಸ್ಟಾಕ್ ಇರಲಿಲ್ಲ.

ರಾತ್ರಿ ಚೀಲ ತಡಕಿದರೆ ಕಾಗದವಿಲ್ಲ.
ಬೀದಿ ದೀಪದ ಕೆಳಗೆ, ಗಾಡಿಯ ಮೇಲಿದೆ.
ಮುದುರಿದ್ದಕ್ಕೆ ನೀರು ಚಿಮುಕಿಸದೆ,
ಮೇಲೊಂದು ತೆಳು ಪಂಚೆ ಹಾಸಿ,
ಕೂಸಿನ ಬೆನ್ನು ಸವರುವ ಹಾಗೆ
ಇಸ್ತ್ರಿ ಹಾಕುತ್ತಿದ್ದಾನೆ ಮುನಿಕೆಂಪ.
"ಲೀಡರಮ್ಮ, ಗಂಜಿ ಹಾಕ್ಲಾ ಇದಕ್ಕೂ?"

ನಗಲಿಲ್ಲ ನಾನು.
"ಹಳದಿದು ನುಂಗಿದ್ಯಾ?" ಅಂದೆ.
ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದ,
ಸ್ಕೂಲು ಹುಡುಗನ ಹಾಗೆ.

ತಾರೀಖು ಬದಲಿಸಿ ಅಂತ ಬೆಳಿಗ್ಗೆ ಕೇಳಬೇಕು.
ಕಾಗದ ಕೈಗೆ ತಗೊಂಡೆ. ಒಂದು ಮಡಿಕೆ ಇಲ್ಲ.
ಸಹಿ ಹಾಕುವ ಜಾಗ
ಇನ್ನೂ ಬಿಸಿಯಿತ್ತು.