ಈಲಿ ಇಲ್ಲದ ಹೊತ್ತು

ಲೀಡ್ಸ್, ಫೆಬ್ರವರಿ, ರಾತ್ರಿ ಎರಡೂಕಾಲು.
ಡೋರೀನ್ ಹೋಲ್ರಾಯ್ಡ್, ಐವತ್ತೆಂಟು.
ಅರಿಸಿನ ಅರೆದು ಹಚ್ಚಿದಂಥ ಕಣ್ಣು,
ಮೊಣಕೈ ತುಂಬ ತನ್ನದೇ ಉಗುರಿನ ಗೀರು.
ಐದು ವರ್ಷದ ತುರಿಕೆ.
ಕೈಗವಸು ತೊಟ್ಟು ಮಲಗುತ್ತಿದ್ದಳಂತೆ.

"ಏನು ಕೆಲಸ ನಿಮ್ಮದು?" ಎಂದೆ, ಮುಂಗೈ ತಡವುತ್ತ.
ಮಾತಾಡಿಸಿದರೆ ಅಡಗಿದ ನರ ಮೇಲೇಳುತ್ತದೆ.
"ರೂಬಾರ್ಬ್. ರಾಥ್‌ವೆಲ್‌ನ ಕತ್ತಲೆ ಶೆಡ್ಡಿನಲ್ಲಿ
ಬೆಳಕು ತಾಗಿಸದೆ ಬೆಳೆಸುತ್ತೇವೆ,
ಮೇಣದ ಬತ್ತಿ ಹಿಡಿದು ಕೀಳುತ್ತೇವೆ.
ಸುಮ್ಮನೆ ನಿಂತರೆ, ಕಂದ, ಬೆಳೆಯುವ ಸದ್ದು ಕೇಳುತ್ತೆ,
ಮೊಗ್ಗು ಸಿಪ್ಪೆ ಒಡೆದು, ಚಟ್, ಚಟ್..."
ಮೂರನೆಯದು ಬಾಯಲ್ಲೇ ಉಳಿಯಿತು.
ಹಾಲಿನಂಥ ಔಷಧ ಮೊಣಕೈ ದಾಟಿತ್ತು.

ಅರಿವಳಿಕೆ ಎನ್ನುತ್ತೇವೆ. ಅರಿವು ಅಳಿಯುವುದಿಲ್ಲ,
ನನ್ನ ಕೈಗೆ ಬರುತ್ತದೆ, ಅಡವಿಟ್ಟ ಒಡವೆಯ ಹಾಗೆ.
ಚೀಟಿ ಇಲ್ಲ, ಬಡ್ಡಿ ಇಲ್ಲ, ಮರಳಿಸಲೇಬೇಕು.

ನಾಲ್ಕೂಮುಕ್ಕಾಲಿಗೆ ಹಳೆಯದು ಹೊರಬಂತು.
ಅಜ್ಜಿ ಅದನ್ನು ಈಲಿ ಎನ್ನುತ್ತಿದ್ದಳು, ಪುಸ್ತಕ ಯಕೃತ್ತು.
ತಟ್ಟೆಯಲ್ಲಿ ಗಂಟುಗಂಟಾದ ಹಾಗಲಕಾಯಿ ಹಸಿರು.
ಇನ್ನೊಂದು ಗಂಟೆ ಒಳಗೆ ಬರೀ ಜಾಗ.
ರಕ್ತಕ್ಕೆ ಹೆಪ್ಪುಗಟ್ಟುವುದು ಮರೆತಿದೆ,
ಸಕ್ಕರೆ ಇಳಿಯುತ್ತಿದೆ, ಮೈ ತಣ್ಣಗಾಗುತ್ತಿದೆ.
ಈಲಿಯ ನೂರಾರು ಕೆಲಸಗಳಲ್ಲಿ
ನಾಲ್ಕೋ ಐದೋ ನಾನು ಮಾಡುತ್ತಿದ್ದೇನೆ
ಸಿರಿಂಜು ಹಿಡಿದು,
ಅಮ್ಮ ಊರಿಗೆ ಹೋದಾಗ ಒಲೆಯ ಮುಂದೆ ನಿಂತ
ಹಿರಿಮಗಳ ಹಾಗೆ.

ಹಿಂದೆ, ಸ್ಟೂಲಿನ ಮೇಲೆ, ಡಾಕ್ಟರ್ ಥ್ವೇಟ್.
ಮೊದಲ ಹತ್ತು ಸಲ ಅವರ ಕೈ ನನ್ನ ಕೈಮೇಲಿತ್ತು,
ಆಮೇಲೆ ಮಾತು, ಆಮೇಲೆ ಬರೀ ಕೆಮ್ಮು.
ಇವತ್ತು ಸ್ಟೂಲು ಒಂದಡಿ ಹಿಂದಕ್ಕೆ ಸರಿದ ಸದ್ದು.

ಐಸ್ ಪೆಟ್ಟಿಗೆ ಕಾರ್ಲೈಲ್‌ನಿಂದ ಬಂದದ್ದು.
ಹೋದ ತಿಂಗಳು ಅಂಥದೇ ಪೆಟ್ಟಿಗೆ ತುಂಬುವ ಕೋಣೆಯಲ್ಲಿ
ನಾನಿದ್ದೆ, ತಲೆಯ ಕಡೆ.
ಹುಡುಗ. ಕಿವಿಯಲ್ಲಿ ತೂತಿತ್ತು, ಓಲೆ ತೆಗೆದಿದ್ದರು.
ವೆಂಟಿಲೇಟರ್ ಸಾಕು ಎಂದರು, ನಿಲ್ಲಿಸಿದೆ.
ಎಬ್ಬಿಸುವ ಕೆಲಸವಿಲ್ಲದೆ ಕೋಣೆ ಬಿಟ್ಟದ್ದು
ಅದೇ ಮೊದಲು.
ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ಬಿಡುತ್ತಿದ್ದೇನೆ," ಎಂದ ಸರ್ಜನ್.
ಕ್ಲಾಂಪ್ ತೆರೆಯಿತು. ತಣ್ಣನೆಯ ರಕ್ತ ಹೃದಯಕ್ಕೆ.
ಪರದೆಯ ಅಲೆ ಡೇರೆಯಂತೆ ಚೂಪಾಯಿತು,
ನಾಡಿ ಎಪ್ಪತ್ತು, ಐವತ್ತು, ಮೂವತ್ತೆಂಟು.
ಕ್ಯಾಲ್ಸಿಯಂ. ಅಡ್ರಿನಲಿನ್, ಒಂದು ಚಿಟಿಕೆ. ಇನ್ನೊಂದು.
ಸ್ಟೂಲು ಅಲುಗಲಿಲ್ಲ.
ಕತ್ತಲೆ ಶೆಡ್ಡಿನಲ್ಲಿ ನಿಂತವಳಂತೆ ಕಿವಿಗೊಟ್ಟೆ.

ಚಟ್.

ಚಟ್.

ಬೂದಿಬಣ್ಣದ ಈಲಿ
ಅಂಚಿನಿಂದ ಕೆಂಪಾಗುತ್ತ ಬಂತು.

ಮರುದಿನ ಸಂಜೆ ನಳಿಕೆ ತೆಗೆದಾಗ
ಡೋರೀನ್ ಮಾತಾಡಲಿಲ್ಲ.
ಅಭ್ಯಾಸಬಲದಿಂದ ಬಲಗೈ ಎಡಮೊಣಕೈಗೆ ಹೋಯಿತು,
ಉಗುರು ಮಡಿಸಿ, ಅಲ್ಲೇ ನಿಂತಿತು.
ತುರಿಸಲು ಏನೂ ಇರಲಿಲ್ಲ.
ನನ್ನ ಕಡೆ ನೋಡಿದಳು,
ಏನನ್ನೋ ಎಲ್ಲೋ ಬಿಟ್ಟುಬಂದವಳ ಹಾಗೆ.