ತಂತಿಯ ಕೆಳಗ

ಅಂಗಳದ ಫರ್ಸಿ ಒಂದನ್ನ ಮಾತ್ರ ಕಿತ್ತೆ.
ಎರಡು ಫೂಟು ಉದ್ದ, ಎರಡು ಫೂಟು ಅಗಲ,
ಶಹಾಬಾದ ಕಲ್ಲು, ಮಾವ ಹಾಸಿಸಿದ್ದು.
ಹಾರಿ ಹಾಕಿ ಎತ್ತಿದರ
ನಲವತ್ತು ವರ್ಷ ಬಿಸಿಲು ಕಾಣದ ಎರಿಮಣ್ಣು,
ಒಂದು ನಾಲ್ಕಾಣೆ, ಅಂಗಿ ಗುಂಡಿ,
ದಿಕ್ಕು ತಪ್ಪಿ ಓಡಿದ ಜರಿಹುಳ.
ಗುರುಬಸವ್ವ ಬಾಗಿಲದಾಗ ನಿಂತು ಅಂದಳು:
"ಮನಿ ಹಲ್ಲು ಕಿತ್ತಂಗ ಕಾಣಸ್ತದ."

ಮೂವತ್ತೊಂದು ವರ್ಷ ನಾ ಲೈನ್‌ಮನ್.
ಜೆಸ್ಕಾಂ ಅನ್ನೋ ಹೆಸರು ಬರೂಕಿಂತ ಮೊದಲೇ ಕಂಬ ಹತ್ತಿದವ.
ಮಳಿಗಾಲದ ಮುಂಚೆ ಹೆಗಲಮ್ಯಾಲ ಕೊಕ್ಕಿ, ಕುಡಗೋಲು.
ಬೇವು, ಬಸರಿ, ಹುಣಸಿ, ನುಗ್ಗಿ,
ತಂತಿಗೆ ಮುಟ್ಟಿದ್ದು ಯಾವುದಂತ ಕೇಳಿದವನಲ್ಲ.
ಕಡಿದದ್ದಕ್ಕ ರಜಿಸ್ಟರ್ ಇರಲಿಲ್ಲ,
ಇದ್ದರ ನನ್ನ ಸಹಿ ಭಾಳ ಇರ್ತಿತ್ತು.

ಮಕ್ತಂಪುರದಾಗ ಜರೀನಾಬಿ ಮನಿ ಬೇವು:
ಟೊಂಗಿಗೆ ಜೋಕಾಲಿ ಹಗ್ಗದ ಗಾಯ,
ತೊಗಟಿ ಸವೆದು ನುಣ್ಣಗಾಗಿತ್ತು.
ಕಡಿದು ಇಳಿದೆ. ಆಕಿ ಬೈಲಿಲ್ಲ.
ಬಸಿ ತುಂಬ ಛಾ ಕೊಟ್ಟು
"ಕರೆಂಟ್ ಈಗ ಬರ್ತದಲಾ?" ಅಂದಳು.
ಬೈದಿದ್ದರ ಮರ್ತು ಹೋಗ್ತಿತ್ತು.

ಹಿಂಗಾಗಿ ನರ್ಸರಿಯವನ ಮುಂದ ಭಾಳ ಹೊತ್ತು ನಿಂತೆ.
ನೆರಳು ಬ್ಯಾಡೇನು, ಹಣ್ಣು ಬ್ಯಾಡೇನು, ಅಂತ ಅವ.
ಎತ್ತರ ಹೇಳು, ಅಂದೆ ನಾ.
ಬಿಳಿ ಮಂದಾರ. ಗಿಡ್ಡ ಜಾತಿ.
ಎಂಟು ಫೂಟು, ಭಾಳಂದ್ರ ಒಂಬತ್ತು.
ನಮ್ಮ ಮನಿ ಮುಂದಿನ ತಂತಿ ಹದಿನೆಂಟು ಫೂಟು ಮ್ಯಾಲ.
ಗೊತ್ತದ ನನಗ. ಅದನ್ನ ಎಳೆದವ ನಾನ,
ಬಿಗಿ ಸಾಲದು ಅಂತ ಎರಡು ಸಲ ಎಳೆದವ.

ಮೊದಲ ಬ್ಯಾಸಗಿ, ನಲವತ್ಮೂರು ಡಿಗ್ರಿ.
ಸುತ್ತಲ ಫರ್ಸಿ ಹಂಚಿನಂಗ ಕಾದು
ಎಲಿ ಅಂಚು ಹೊತ್ತಿದ ರೊಟ್ಟಿ.
ಗೋಣಿಚೀಲ ಕಟ್ಟಿದೆ, ಬುಡಕ್ಕ ತೊಗರಿ ಹೊಟ್ಟು ಮುಚ್ಚಿದೆ.
ಐದು ದಿನಕ್ಕೊಮ್ಮೆ ನಳ ಬರೂ ಓಣ್ಯಾಗ
ಒಂದು ತಂಬಿಗಿ ಅದರ ಪಾಲು ಅಂತ ತೆಗೆದಿಟ್ಟಾಕಿ
ಹಲ್ಲು ಕಿತ್ತಂಗ ಅಂದಿದ್ದಾಕಿನ.

ರಾತ್ರಿ ಎಲಿ ಮಡಚ್ತಾವ,
ನಡುವಿನ ಗೆರಿ ಹಿಡಿದು, ಸಾಲಿ ಪುಸ್ತಕದಂಗ.
ಮೊದಲ ದಿನ ಬಾಡಿತಂತ ಹೆದರಿ
ಬ್ಯಾಟರಿ ಹಿಡಕೊಂಡು ಎರಡು ಸಲ ಹೊರಗ ಬಂದೆ.
"ಮಲಗಲಿ ಬಿಡ್ರಿ ಅದನ್ನ,"
ಒಳಗಿಂದ ದನಿ.

ಮೂರನೇ ವರ್ಷ ಹೂ.
ಐದು ಎಸಳು, ಉಪ್ಪಿನಷ್ಟು ಬಿಳಿ,
ಸರಿಯಾಗಿ ನನ್ನ ಮುಖದ ಎತ್ತರಕ್ಕ.
ನಾ ಹೂ ಕಂಡದ್ದೆಲ್ಲ ನಿಚ್ಚಣಿಕಿ ಮ್ಯಾಲಿಂದ,
ಒಂದು ಕೈ ಕಂಬಕ್ಕ, ಒಂದು ಕೈಯಾಗ ಕುಡಗೋಲು.
ಎರಡೂ ಕೈ ಖಾಲಿ ಇಟ್ಟುಕೊಂಡು
ಏನು ಮಾಡಬೇಕಂತ ತಿಳೀಲಿಲ್ಲ.
ಕಿಸೆಯಾಗ ಇಟ್ಟುಕೊಂಡೆ, ಕೈ.

ನಿನ್ನೆ ಹೊಸ ಹುಡುಗ ಬಂದಿದ್ದ, ಕೊಕ್ಕಿ ಹಿಡಕೊಂಡು.
ತಂತಿ ನೋಡಿದ. ಗಿಡ ನೋಡಿದ.
ನಡುವಿನ ಖಾಲಿ ಆಕಾಶ ನೋಡಿದ.
"ಇಲ್ಲೇನು ಕೆಲಸ ಇಲ್ಲ, ಕಾಕಾ."
ಛಾ ಕುಡಿದು ಹೋಗು, ಅಂದೆ.
"ಟೈಮಿಲ್ಲ. ಮಕ್ತಂಪುರದಾಗ
ಒಂದು ಬೇವು ಮತ್ತ ತಂತಿಗೆ ಮುಟ್ಟ್ಯದಂತ."